ಕ್ಯಾನ್ಸರ್ ಹಣೆಬರಹವಾದರೆ ಜಾಗೃತಿ ಶಿಬಿರವೇಕೆ?

ಮಾನ್ಯ ಸಂಪಾದಕರೇ,

ವಿಶ್ವ ಕ್ಯಾನ್ಸರ್ ದಿನವಾದ ಫೆಬ್ರುವರಿ 4ರಂದು ನಮ್ಮೂರಿನ ಸಮುದಾಯ ಭವನದಲ್ಲಿ ನಡೆದ ಜಾಗೃತಿ ಶಿಬಿರದ ವರದಿ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ದೊಡ್ಡ ಚಿತ್ರದೊಂದಿಗೆ ಪ್ರಕಟವಾಗಿದೆ. ದೀಪ ಬೆಳಗಿದವರು, ಶಾಲು ಹೊದಿಸಿಕೊಂಡವರು, ವಂದನಾರ್ಪಣೆ ಮಾಡಿದವರು, ಎಲ್ಲರ ಹೆಸರೂ ಅದರಲ್ಲಿ ಅಚ್ಚುಕಟ್ಟಾಗಿ ಬಂದಿವೆ. ತಪ್ಪಾಗಿರುವುದು ಕ್ಯಾನ್ಸರಿನ ವಿಷಯ ಮಾತ್ರ. ‘ಕ್ಯಾನ್ಸರ್ ಜೀನ್‌ಗಳ ಕಾಯಿಲೆ, ಹೆತ್ತವರಿಗೆ ಇದ್ದರೆ ಮಕ್ಕಳಿಗೆ ತಪ್ಪಿದ್ದಲ್ಲ, ಹಣೆಬರಹವೆಂದು ಧೈರ್ಯ ತಂದುಕೊಳ್ಳಬೇಕು’ ಎಂದು ಮುಖ್ಯ ಅತಿಥಿಗಳಾಗಿದ್ದ ಅಧಿಕಾರಿಗಳು ಹೇಳಿದರೆಂದು ತಾವು ಬರೆದಿದ್ದೀರಿ. ಅವರು ಹಾಗೆ ಹೇಳಿದ್ದು ನಿಜ, ನಾನೂ ಸಭೆಯಲ್ಲಿದ್ದೆ. ಆದರೆ ಅಲ್ಲಿನ ಕೆಟ್ಟ ಮೈಕಿನ ಕೃಪೆಯಿಂದ ಅರ್ಧ ಜನರಿಗೆ ಆ ಮಾತು ಕೇಳಿಸಿರಲಿಲ್ಲ. ತಾವು ಅದನ್ನೇ ದಪ್ಪಕ್ಷರದ ತಲೆಬರಹ ಮಾಡಿ, ಕೇಳಿಸದೆ ಬದುಕಿಕೊಂಡವರ ಮನೆಗೂ ತಲುಪಿಸಿದಿರಿ.

ಅದರ ಫಲವನ್ನು ನಮ್ಮ ಮನೆಯವರು ಉಂಡಾಯಿತು. ನನ್ನ ತಂಗಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಈಗ ಆರೋಗ್ಯವಾಗಿದ್ದಾಳೆ. ಅವಳ ಮಗಳ ಮದುವೆಯ ಮಾತುಕತೆಗೆಂದು ಭಾನುವಾರ ಬರಬೇಕಿದ್ದ ಗಂಡಿನ ಕಡೆಯವರು ಶನಿವಾರ ಸಂಜೆ ಫೋನ್ ಮಾಡಿ, ‘ಪೇಪರಿನಲ್ಲಿ ಹೀಗೆ ಬಂದಿದೆಯಲ್ಲ, ಸ್ವಲ್ಪ ಯೋಚನೆ ಮಾಡಿ ಹೇಳುತ್ತೇವೆ’ ಎಂದರು. ಅಷ್ಟರಲ್ಲಿ ಮಾಂಸಕ್ಕೆ ಮುಂಗಡ ಕೊಟ್ಟಾಗಿತ್ತು, ಅಡುಗೆಯವರಿಗೆ ಹೇಳಿಯಾಗಿತ್ತು, ಬಾಡಿಗೆ ಕುರ್ಚಿಗಳು ಅಂಗಳದಲ್ಲಿ ಇಳಿದಿದ್ದವು. ಮುಂಗಡ ಹೋದದ್ದಕ್ಕೆ ನನಗೆ ಬೇಸರವಿಲ್ಲ, ಆದರೆ ಗುಣವಾಗಿ ಮನೆಗೆಲಸಕ್ಕೆ ಇಳಿದಿದ್ದ ತಂಗಿ ಮಗಳೆದುರು ಅಪರಾಧಿಯಂತೆ ಕುಳಿತದ್ದನ್ನು ನೋಡಬೇಕಾಯಿತು. ಶಿಬಿರದ ದಿನದ ನಷ್ಟ ಬೇರೆ. ರೊಬಸ್ಟಾ ಕೊಯ್ಲಿನ ಭರದಲ್ಲಿ, ಕಣದಲ್ಲಿ ಹರಡಿದ ಕಾಫಿಯನ್ನು ತಿರುವಿಹಾಕಲೂ ಆಳು ಸಿಗದ ಹೊತ್ತಿನಲ್ಲಿ, ಉಚಿತ ತಪಾಸಣೆಯೆಂದು ಹೇಳಿ ತೋಟದ ಕಾರ್ಮಿಕರನ್ನು ಪಿಕಪ್‌ಗಳಲ್ಲಿ ತುಂಬಿಕೊಂಡು ಹೋದರು. ಬೆಳಿಗ್ಗೆ ಆರಂಭವಾಗಬೇಕಿದ್ದ ಕಾರ್ಯಕ್ರಮವು ಅಧಿಕಾರಿಗಳ ಕಾರು ಬಂದ ಮೇಲೆ, ಅಂದರೆ ಊಟದ ಹೊತ್ತಿಗೆ, ಆರಂಭವಾಯಿತು. ತಪಾಸಣೆಯೆಂದರೆ ರಕ್ತದೊತ್ತಡ ನೋಡಿ ಚೀಟಿ ಬರೆದುಕೊಟ್ಟದ್ದು. ಎಲೆಯಡಿಕೆ, ಹೊಗೆಸೊಪ್ಪು ಹಾಕಿ ಬಾಯಿ ಕೆಂಪಾಗಿಸಿಕೊಂಡವರು ಸಾಲುಗಟ್ಟಿ ನಿಂತಿದ್ದರೂ ಒಬ್ಬರ ಬಾಯನ್ನಾದರೂ ತೆರೆಸಿ ನೋಡುವ ವ್ಯವಸ್ಥೆ ಅಲ್ಲಿರಲಿಲ್ಲ.

ಪದವಿಪೂರ್ವ ಕಾಲೇಜಿನಲ್ಲಿ ವರ್ಷಗಟ್ಟಲೆ ಜೀವಶಾಸ್ತ್ರ ಹೇಳಿಕೊಟ್ಟವನಾದ್ದರಿಂದ ನಾನು ಸುಮ್ಮನಿರಲಾರೆ. ಅಧಿಕಾರಿಗಳ ಮಾತಿನ ಮೊದಲ ಭಾಗ ಸರಿ, ಕ್ಯಾನ್ಸರ್ ಜೀನ್‌ಗಳು ಕೆಡುವುದರಿಂದಲೇ ಹುಟ್ಟುತ್ತದೆ. ಆದರೆ ಆ ಕೆಡುಕು ಹುಟ್ಟುವಾಗಲೇ ಬಂದಿರಬೇಕೆಂದು ಅವರಿಗೆ ಯಾರು ಹೇಳಿದರು? ನಮ್ಮ ಒಂದೊಂದು ಜೀವಕೋಶದಲ್ಲಿಯೂ ಎ, ಟಿ, ಜಿ, ಸಿ ಎಂಬ ನಾಲ್ಕೇ ರಾಸಾಯನಿಕ ಅಕ್ಷರಗಳಲ್ಲಿ ಬರೆದ, ಸುಮಾರು 600 ಕೋಟಿ ಅಕ್ಷರಗಳಷ್ಟು ಡಿಎನ್‌ಎ ಇದೆ, ಜೀನ್ ಎಂದರೆ ಅದರದೇ ಒಂದು ತುಣುಕು. ಕೋಶ ಎರಡಾಗುವಾಗಲೆಲ್ಲ ಈ ಡಿಎನ್‌ಎಯ ನಕಲು ಆಗಬೇಕು. ನಕಲಿನಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲನ್ನು ಕೋಶವೇ ತಿದ್ದಿಕೊಳ್ಳುತ್ತದೆ. ತಿದ್ದದೆ ಉಳಿದವೇ ಉತ್ಪರಿವರ್ತನೆಗಳು, ಅಂದರೆ ಮ್ಯುಟೇಷನ್‌ಗಳು. ಅವುಗಳಲ್ಲಿ ಹೆಚ್ಚಿನವು ಏನೂ ಮಾಡುವುದಿಲ್ಲ. ಕೋಶದ ಬೆಳವಣಿಗೆ, ದುರಸ್ತಿ, ಸಾವು ಇವುಗಳನ್ನು ನಿಯಂತ್ರಿಸುವ ಜೀನ್‌ಗಳಲ್ಲಿ ಬಿದ್ದವು ಮಾತ್ರ ಕೇಡು ತರುತ್ತವೆ. 1982ರಲ್ಲಿ ಮೂತ್ರಕೋಶದ ಕ್ಯಾನ್ಸರಿನ ಕೋಶಗಳನ್ನು ಪರೀಕ್ಷಿಸಿದ ಅಮೆರಿಕದ ವಿಜ್ಞಾನಿಗಳು ರಾಸ್ ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು ಕಂಡರು. ಜಿ ಇರಬೇಕಾದಲ್ಲಿ ಟಿ ಬಂದು, ಆ ಜೀನ್ ಹೇಳಿದಂತೆ ತಯಾರಾಗುವ ಪ್ರೋಟೀನಿನ 12ನೆಯ ಸ್ಥಾನದಲ್ಲಿ ಗ್ಲೈಸೀನ್ ಎಂಬ ಅಮೈನೋ ಆಮ್ಲದ ಬದಲು ವ್ಯಾಲೀನ್ ಎಂಬ ಇನ್ನೊಂದು ಕೂತಿತ್ತು. ‘ಬೆಳೆ’ ಎಂಬ ಸಂಕೇತ ಕೊಟ್ಟು ತಾನಾಗಿ ಸುಮ್ಮನಾಗಬೇಕಿದ್ದ ಆ ಪ್ರೋಟೀನು ಅಷ್ಟರಿಂದಲೇ ಸುಮ್ಮನಾಗುವುದನ್ನು ಮರೆತು, ಕೋಶಕ್ಕೆ ಬಿಡುವಿಲ್ಲದೆ ಬೆಳೆಯುವ ಆದೇಶ ಕೊಡುತ್ತಲೇ ಇರುತ್ತದೆ. ಇಂಥ ಬದಲಾವಣೆ ಸಾಮಾನ್ಯವಾಗಿ ಗೆಡ್ಡೆಯ ಕೋಶಗಳಲ್ಲಿ ಇರುತ್ತದೆಯೇ ಹೊರತು ಅದೇ ರೋಗಿಯ ಉಳಿದ ದೇಹದಲ್ಲಿ ಇರುವುದಿಲ್ಲ. ಅಂಡಾಣು, ವೀರ್ಯಾಣುಗಳಲ್ಲಿ ಇಲ್ಲದ್ದು ಮಕ್ಕಳಿಗೆ ಹೋಗುವುದಾದರೂ ಹೇಗೆ?

ಇನ್ನು ಬೆಳವಣಿಗೆಯನ್ನು ತಡೆಯುವ ಜೀನ್‌ಗಳಿವೆ. ಕೊಡಗಿನವರಿಗೆ ಇದನ್ನು ವಿವರಿಸಲು ಕಷ್ಟವಿಲ್ಲ. ಕಾಫಿ ಗಿಡದಲ್ಲಿ ಕಂಬಚಿಗುರು, ಅಂದರೆ ನೆಟ್ಟಗೆ ಮೇಲೇಳುವ ಬೇಡದ ಚಿಗುರು, ಏಳುತ್ತಲೇ ಇರುತ್ತದೆ, ಅದನ್ನು ಮುರಿದು ಹಾಕುವವರು ಇದ್ದಷ್ಟು ದಿನ ಗಿಡ ಹದದಲ್ಲಿರುತ್ತದೆ. ಒಂದೊಂದು ಸಾಲಿಗೆ ಇಬ್ಬರನ್ನು ನೇಮಿಸಿದ್ದರೆ ಒಬ್ಬರು ಬಾರದ ದಿನವೂ ಕೆಲಸ ನಡೆಯುತ್ತದೆ, ಇಬ್ಬರೂ ಬಾರದಿದ್ದರೆ ಮಾತ್ರ ಚಿಗುರು ಗಿಡವನ್ನೇ ನುಂಗುತ್ತದೆ. ಈ ಜೀನ್‌ಗಳೂ ಹಾಗೆಯೇ, ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ಇರುತ್ತದೆ. ಮಕ್ಕಳ ಕಣ್ಣಿನಲ್ಲಿ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರನ್ನು ಅಭ್ಯಾಸ ಮಾಡಿದ ಆಲ್‌ಫ್ರೆಡ್ ನಡ್ಸನ್ 1971ರಲ್ಲಿಯೇ ಎರಡು ಪೆಟ್ಟುಗಳ ಸಿದ್ಧಾಂತವನ್ನು ಮುಂದಿಟ್ಟರು. ಕೆಟ್ಟ ಒಂದು ಪ್ರತಿಯನ್ನು ಹುಟ್ಟಿನಿಂದಲೇ ಪಡೆದ ಮಗುವಿನಲ್ಲಿ ಮೊದಲ ಪೆಟ್ಟು ಎಲ್ಲ ಕೋಶಗಳಿಗೂ ಆಗಲೇ ಬಿದ್ದಿರುವುದರಿಂದ ರೋಗ ಬೇಗ, ಹಲವು ಬಾರಿ ಎರಡೂ ಕಣ್ಣುಗಳಲ್ಲಿ ಕಾಣಿಸುತ್ತದೆ. ಅಂಥ ಬಳುವಳಿ ಇಲ್ಲದ ಮಗುವಿನಲ್ಲಿ ಒಂದೇ ಕೋಶಕ್ಕೆ ಎರಡು ಪೆಟ್ಟೂ ಬೀಳಬೇಕಾದ್ದರಿಂದ ತಡವಾಗಿ, ಒಂದೇ ಕಣ್ಣಿಗೆ ಬರುತ್ತದೆ. ಅಂದರೆ ಬಳುವಳಿಯಾಗಿ ಬಂದ ದೋಷವೂ ಆರಂಭ ಮಾತ್ರ. ಉಳಿದದ್ದು ಬದುಕಿನ ಅವಧಿಯಲ್ಲಿ ಆಗಬೇಕು, ದೊಡ್ಡವರ ಬಹುತೇಕ ಕ್ಯಾನ್ಸರುಗಳಲ್ಲಿ ಅದಕ್ಕೆ ವರ್ಷಗಳು, ದಶಕಗಳೇ ಹಿಡಿಯುತ್ತವೆ. ಪಿ53 ಎಂಬ ಕಾವಲು ಜೀನ್ ಮನುಷ್ಯರ ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಕೆಟ್ಟಿರುತ್ತದೆ, ಅದರಲ್ಲಿ ಬಹುಪಾಲು ಹೀಗೆ ನಡುವೆ ಕೆಟ್ಟದ್ದೇ.

ಹಾಗಾದರೆ ವಂಶದಲ್ಲಿ ಬರುವುದೇ ಇಲ್ಲವೇ ಎಂದರೆ, ಬರುತ್ತದೆ. ಒಟ್ಟು ಕ್ಯಾನ್ಸರುಗಳಲ್ಲಿ ಸುಮಾರು ಶೇ 5ರಿಂದ 10ರಷ್ಟಕ್ಕೆ ಹೆತ್ತವರಿಂದ ಬಂದ ಜೀನ್ ದೋಷ ಕಾರಣ. 1994 ಮತ್ತು 1995ರಲ್ಲಿ ಗುರುತಿಸಲಾದ ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳು ಡಿಎನ್‌ಎಯ ಎರಡೂ ಎಳೆಗಳು ತುಂಡಾದಾಗ ಜೋಡಿಸುವ ಕೆಲಸದಲ್ಲಿ ನೆರವಾಗುತ್ತವೆ. ಅವುಗಳಲ್ಲಿ ದೋಷವಿದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಸಾಧ್ಯತೆ ಬಹಳ ಹೆಚ್ಚುತ್ತದೆ ಎಂಬುದು ನಿಜ. ಆದರೂ ದೋಷವಿರುವ ತಾಯಿಯ ಪ್ರತಿ ಮಗುವಿಗೆ ಅದು ಬರುವ ಸಂಭವ ಅರ್ಧದಷ್ಟೇ, ಬಂದವರೆಲ್ಲರಿಗೂ ಕ್ಯಾನ್ಸರ್ ಆಗುವುದೂ ಇಲ್ಲ, ತಂದೆಯ ಕಡೆಯಿಂದಲೂ ಅದು ಬರಬಹುದಾದ್ದರಿಂದ ಹೆಣ್ಣಿನ ಕಡೆಯವರನ್ನೇ ಕಟಕಟೆಗೆ ಏರಿಸುವುದಕ್ಕೆ ಅರ್ಥವೂ ಇಲ್ಲ. ನನ್ನ ತಂಗಿಯ ಪರೀಕ್ಷೆಯಲ್ಲಿ ಇಂಥ ದೋಷವೇನೂ ಕಂಡಿಲ್ಲ. ಆ ವರದಿಯನ್ನು ನಾನು ಈಗ ಬೀಗರಾಗಲಿದ್ದವರ ಮುಂದೆ ಹಿಡಿದು ನಿಲ್ಲಬೇಕೆಂದು ಅಧಿಕಾರಿಗಳ ಅಪೇಕ್ಷೆಯೇ?

ಹಣೆಬರಹದ ಮಾತಿನ ಇನ್ನೊಂದು ಅನುಕೂಲವೆಂದರೆ ನಿಜವಾದ ಕಾರಣಗಳ ಹೆಸರನ್ನು ಯಾರೂ ಎತ್ತಬೇಕಾಗಿಲ್ಲ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಬೆಂಜೋಪೈರೀನ್ ಎಂಬ ರಾಸಾಯನಿಕ ದೇಹದೊಳಗೆ ರೂಪ ಬದಲಿಸಿ ಡಿಎನ್‌ಎಯ ಜಿ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ, ಮುಂದಿನ ನಕಲಿನಲ್ಲಿ ಆ ಜಾಗ ಟಿ ಆಗಿಬಿಡುತ್ತದೆ. ಧೂಮಪಾನಿಗಳ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಈ ಗುರುತು ಎದ್ದು ಕಾಣುತ್ತದೆ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಪ್ರಕಟಿಸಿದೆ. ನಮ್ಮ ಶಿಬಿರದಲ್ಲಿ ಈ ಬಗ್ಗೆ ಒಂದು ಮಾತೂ ಬರಲಿಲ್ಲ, ವೇದಿಕೆಯ ಗಣ್ಯರಿಗೆ ಮಾತ್ರ ಫಲತಾಂಬೂಲ ಸಿಕ್ಕಿತು. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಾಣುವಿನ ಪ್ರೋಟೀನುಗಳು ಇದೇ ಪಿ53ರ ಕಾವಲನ್ನು ಮುರಿಯುತ್ತವೆ, ಅದಕ್ಕೆ ಲಸಿಕೆ ಇದೆ. ಹೆಣ್ಣುಮಕ್ಕಳನ್ನು ಹೆತ್ತವರು ಅಷ್ಟೊಂದು ಮಂದಿ ಕುಳಿತಿದ್ದರೂ ಅದನ್ನು ಹೇಳಲು ಯಾರಿಗೂ ತೋಚಲಿಲ್ಲ.

ಜೀನ್ ಕೆಟ್ಟರೆ ಏನೂ ಮಾಡಲಾಗದು ಎಂಬುದೂ ಸುಳ್ಳೇ. ಒಂದು ಬಗೆಯ ರಕ್ತಕ್ಯಾನ್ಸರಿನಲ್ಲಿ 9 ಮತ್ತು 22ನೆಯ ಕ್ರೋಮೋಸೋಮುಗಳ, ಅಂದರೆ ಡಿಎನ್‌ಎ ಸುತ್ತಿಟ್ಟ ಕಟ್ಟುಗಳ, ತುಂಡುಗಳು ಅದಲುಬದಲಾಗಿರುತ್ತವೆಂದು ಜಾನೆಟ್ ರೌಲಿ 1973ರಲ್ಲಿ ತೋರಿಸಿಕೊಟ್ಟರು. ಅದರಿಂದ ಹುಟ್ಟುವ ಕೆಟ್ಟ ಪ್ರೋಟೀನನ್ನೇ ಹಿಡಿದು ನಿಲ್ಲಿಸುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದರ ಪೇಟೆಂಟ್ ಕೋರಿದ್ದ ಕಂಪನಿಯ ಮನವಿಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿದ್ದರಿಂದ ಅಗ್ಗದ ದೇಶೀ ಮಾತ್ರೆಗೆ ಅಡ್ಡಿಯಿಲ್ಲದಾಯಿತು. ಆ ಮಾತ್ರೆ ನುಂಗಿಕೊಂಡು ಹೊಲ, ತೋಟದಲ್ಲಿ ದುಡಿಯುತ್ತಿರುವವರು ಈ ದೇಶದಲ್ಲಿ ಎಷ್ಟೋ ಜನರಿದ್ದಾರೆ. ಅವರೂ ಧೈರ್ಯ ತಂದುಕೊಂಡು ಸುಮ್ಮನೆ ಕೂರಬೇಕಿತ್ತೇ?

ಅಧಿಕಾರಿಗಳಿಗೆ ಜೀವಶಾಸ್ತ್ರ ಗೊತ್ತಿಲ್ಲದಿರುವುದನ್ನು ಕ್ಷಮಿಸಬಹುದು, ಕಾಯ್ದೆಯಾದರೂ ಗೊತ್ತಿರಬೇಡವೇ? ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳುತ್ತದೆ, ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲಿಯೇ ನಿಷೇಧಿಸಲಾಗಿದೆ. ನಮ್ಮೂರಿನ ಶಾಲೆಯ ಗೇಟಿನೆದುರು ಪಾನ್ ಮಸಾಲೆಯ ಸರ ಒಂದು ಕಡೆ, ತಂಬಾಕಿನ ಸರ ಇನ್ನೊಂದು ಕಡೆ ತೂಗಾಡುತ್ತಿದೆ, ಬೆರೆಸಿಕೊಳ್ಳುವ ಶ್ರಮ ಮಾತ್ರ ಗಿರಾಕಿಯದು. ಈ ಕುರಿತು ನಾನು ಕೊಟ್ಟ ಅರ್ಜಿಗೆ ಸ್ವೀಕೃತಿಯ ಮುದ್ರೆ ಬಿದ್ದದ್ದೇ ಕೊನೆ. ಕೊಡಗಿಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಜಿಲ್ಲೆಯ ಜನರೆಲ್ಲ ಸಾಮಾಜಿಕ ಜಾಲತಾಣಗಳಲ್ಲಿ ಕೂಗೆಬ್ಬಿಸಿದಾಗ ಭರವಸೆಗಳಿಗೇನೂ ಬರವಿರಲಿಲ್ಲ. ತಂಗಿಯ ಬಯಾಪ್ಸಿಯಿಂದ ಹಿಡಿದು ಪ್ರತಿಯೊಂದು ಚಿಕಿತ್ಸೆಗೂ ನಾವು ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ, ವಾಂತಿಯ ಕವರು ಕೈಯಲ್ಲಿ ಹಿಡಿದುಕೊಂಡು ಮೈಸೂರಿಗೆ ಹೋಗಿ ಬಂದಿದ್ದೇವೆ. ಇದೂ ನಮ್ಮ ಜೀನ್‌ಗಳಲ್ಲಿಯೇ ಬರೆದಿತ್ತೋ ಏನೋ, ಅಧಿಕಾರಿಗಳೇ ಹೇಳಬೇಕು.

ಆದ್ದರಿಂದ ತಾವು ಅದೇ ಪುಟದಲ್ಲಿ, ಅದೇ ದಪ್ಪದ ಅಕ್ಷರದಲ್ಲಿ ತಿದ್ದುಪಡಿ ಪ್ರಕಟಿಸಬೇಕು. ಇಲ್ಲವೇ ಆ ಅಧಿಕಾರಿಗಳೇ ಬಂದು ಅದೇ ಮೈಕಿನಲ್ಲಿ ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕು. ಎರಡೂ ಆದರೆ ಇನ್ನೂ ಒಳ್ಳೆಯದು. ಸಂಬಂಧಪಟ್ಟವರು ಬಾಯಿ ನೋಡುವ ವೈದ್ಯರನ್ನು ಕಳುಹಿಸಲಿ, ಶಾಲೆಯೆದುರಿನ ಸರಗಳನ್ನು ಕೀಳಿಸಲಿ, ಏನಾದರೊಂದು ಮಾಡಲಿ. ಅದೂ ಆಗದಿದ್ದರೆ ಓದಿಕೊಂಡು ಬಾರದವರ ಕೈಗೆ ಮೈಕು ಕೊಡುವುದನ್ನಾದರೂ ಇಲಾಖೆ ನಿಲ್ಲಿಸಲಿ, ಅವರು ಆಡಿದ್ದನ್ನೆಲ್ಲ ಹಾಗೆಯೇ ಅಚ್ಚು ಹಾಕುವುದನ್ನು ತಾವು ನಿಲ್ಲಿಸಿ.

ಇತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ,
ಸೋಮವಾರಪೇಟೆ ತಾಲ್ಲೂಕು, ಕೊಡಗು