ಮಹಿಳಾ ಕ್ಲಬ್‌ಗಳ ನಡಾವಳಿ ಪುಸ್ತಕ ಉಳಿಯಲಿ

ಮಾನ್ಯರೇ,

ಮಹಿಳಾ ಕ್ಲಬ್ ಎಂದರೆ ಹೊತ್ತು ಹೋಗದವರ ಹರಟೆಕಟ್ಟೆ ಎಂದು ಸಸಾರ ಮಾಡುವವರು ಇನ್ನೂ ಇದ್ದಾರೆ. ಅಂಥವರು ಒಮ್ಮೆ ಇತಿಹಾಸ ತಿರುವಿ ನೋಡಲಿ. 1868ರಲ್ಲಿ ನ್ಯೂಯಾರ್ಕಿನ ಪತ್ರಕರ್ತರು ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ಗೆ ಔತಣ ಏರ್ಪಡಿಸಲು ಹೊರಟಾಗ, ಪತ್ರಕರ್ತೆ ಜೇನ್ ಕನ್ನಿಂಗ್‌ಹ್ಯಾಮ್ ಕ್ರೋಲಿ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಟಿಕೆಟ್ ನಿರಾಕರಿಸಿದರು. ಆಕೆ ಅದೇ ವರ್ಷ ‘ಸೊರೊಸಿಸ್’ ಎಂಬ ಮಹಿಳಾ ಕ್ಲಬ್ಬನ್ನೇ ಕಟ್ಟಿದರು. 1890ರಲ್ಲಿ ಇಂಥ ಕ್ಲಬ್‌ಗಳ ಒಕ್ಕೂಟವೂ ಆಯಿತು. ಓದಿ ಚರ್ಚಿಸಲೆಂದು ಕೂಡಿದವರು ಊರಿಗೊಂದು ಗ್ರಂಥಾಲಯ ಬೇಕೆಂದು ಹೊರಟರು. ಅಮೆರಿಕದ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳು ಹುಟ್ಟಿದ್ದು ಇವರ ಓಡಾಟದಿಂದ. ಅದೂ ಹೆಚ್ಚಿನವರಿಗೆ ಮತದಾನದ ಹಕ್ಕೇ ಇಲ್ಲದ ಕಾಲದಲ್ಲಿ!

ಎಲ್ಲವೂ ಹೊಗಳುವಂಥದ್ದೇನಲ್ಲ. ಬಿಳಿಯರ ಅನೇಕ ಕ್ಲಬ್‌ಗಳು ಕಪ್ಪು ಮಹಿಳೆಯರನ್ನು ಸೇರಿಸಿಕೊಳ್ಳಲಿಲ್ಲ. 1896ರಲ್ಲಿ ಅವರು ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿ, ಶಿಶುವಿಹಾರಗಳಿಗೆ ದುಡಿದರು. ಮೇರಿ ಚರ್ಚ್ ಟೆರೆಲ್ ಅದರ ಮೊದಲ ಅಧ್ಯಕ್ಷೆ.

ಇಂಥ ಕೆಲಸಗಳು ಶಿಲಾಫಲಕದಲ್ಲಿ ಕಾಣಸಿಗುವುದು ಕಡಿಮೆ. ಉಳಿದಿರುವುದು ನಡಾವಳಿ ಪುಸ್ತಕ, ಚಂದಾ ಲೆಕ್ಕ, ಹಳೆಯ ಫೋಟೊಗಳಲ್ಲಿ. ಕಾರ್ಯದರ್ಶಿ ಬದಲಾದಾಗ, ಕಟ್ಟಡ ಖಾಲಿ ಮಾಡಿದಾಗ ಮೊದಲು ರದ್ದಿಗೆ ಹೋಗುವುದೂ ಇವೇ. ಹಳೆಯ ಮಹಿಳಾ ಕ್ಲಬ್ ಇರುವ ಕಡೆಗಳಲ್ಲಿ ಗ್ರಂಥಾಲಯದವರು ಈ ದಾಖಲೆಗಳನ್ನು ಕೇಳಿ ಪಡೆದು ಸ್ಕ್ಯಾನ್ ಮಾಡಿಸಿಡಲಿ. ಹಿರಿಯ ಸದಸ್ಯೆಯರ ನೆನಪುಗಳನ್ನೂ ಈಗಲೇ ಧ್ವನಿಮುದ್ರಿಸಿಕೊಳ್ಳಲಿ. ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ.

– ಓದುಗರೊಬ್ಬರು