ಕೂಲಿ, ಪಲ್ಲ್, ಹಲ್ಲು: ಮೂವತ್ತು ವರ್ಷಗಳ ಋಣ

ಇವತ್ತು ಮೇ 31. ನನ್ನ ಸೇವೆ ಮುಗಿಯಿತು. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಗಳಲ್ಲಿ 30 ವರ್ಷ ಟೀಚರ್ ಆಗಿದ್ದೆ. ಮಾರ್ಚಿನ ಬೀಳ್ಕೊಡುಗೆಯಲ್ಲಿ ಗಂಟಲು ಕಟ್ಟಿ ಮಾತು ಹೊರಡಲಿಲ್ಲ. ಅಂದು ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಸಪ್ತಭಾಷೆಗಳ ನೆಲ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಒಂದನೇ ಕ್ಲಾಸಿನಲ್ಲಿ ಆ ಭಾಷೆಗಳು ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತಿರುತ್ತವೆ. ನಾನು ಸೇರಿದ ಹೊಸತರಲ್ಲಿ ತುಳು ಮನೆಮಾತಿನ ಒಬ್ಬ ಹುಡುಗ ಅಳುತ್ತಾ ಬಂದು "ಟೀಚರ್, ಎನ್ನ ಕೂಲಿ ಬೂರ್ಂಡ್" ಎಂದ. ಪಕ್ಕದವಳ ಮನೆಮಾತು ಮಲಯಾಳಂ. ಅವಳಿಗೆ ಕೂಲಿಯೆಂದರೆ ಅಪ್ಪ ಸಂಜೆ ತರುವ ದುಡ್ಡು. "ನಿನಗೆ ಯಾರು ಕೂಲಿ ಕೊಟ್ಟದ್ದು?" ಎಂದು ಕೇಳಿಯೇಬಿಟ್ಟಳು. ಅವನು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಅಕ್ಕಿಕಾಳಿನಷ್ಟು ಹಾಲುಹಲ್ಲು. ತುಳುವಿನಲ್ಲಿ ಕೂಲಿಯೆಂದರೆ ಹಲ್ಲು. "ಇದ್ ಪಲ್ಲಲ್ಲೇ!" ಎಂದಳು ಅವಳು.

ಬೋರ್ಡಿನಲ್ಲಿ ಮೂರನ್ನೂ ಬರೆದೆ: ಕೂಲಿ, ಪಲ್ಲ್, ಹಲ್ಲು. ಆ ವಾರವೆಲ್ಲ ಮಕ್ಕಳು ಮನೆಯಿಂದ ಪದ ತಂದರು. ಪಾಲ್–ಹಾಲು, ಪಾಂಬ್–ಹಾವು, ಪುಲಿ–ಪಿಲಿ–ಹುಲಿ. ಮಲಯಾಳದ 'ಪ' ಕನ್ನಡದಲ್ಲಿ 'ಹ' ಆಗಿರುವುದನ್ನು ಅವರೇ ಪತ್ತೆಹಚ್ಚಿದರು. ನನಗೆ ಕಲಿಸುವುದು ಹೇಗೆಂದು ತೋರಿಸಿಕೊಟ್ಟ ಆ ಇಬ್ಬರಿಗೆ ಮೊದಲ ನಮಸ್ಕಾರ.

ಮಧ್ಯಾಹ್ನದ ಗಂಜಿ ಬೇಯಿಸುತ್ತಿದ್ದ ಅಕ್ಕನಿಗೆ ಎರಡನೆಯದು. ಜೂನಿನ ಮೊದಲ ವಾರ ಬ್ಯಾರಿ ಭಾಷೆಯ ಮನೆಗಳ ಮಕ್ಕಳು ಅತ್ತರೆ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ಕೂತು ಅವರ ಮಾತಿನಲ್ಲೇ ಕತೆ ಹೇಳುತ್ತಿದ್ದರು. ಅದೇ ಕತೆಯನ್ನು ನಾನು ಮತ್ತೆ ಕನ್ನಡದಲ್ಲಿ ಹೇಳುತ್ತಿದ್ದೆ. ಅಳು ನಿಂತಿರುತ್ತಿತ್ತು.

2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ನಮ್ಮ ಕಡೆ ಭಯವೂ ಸಿಟ್ಟೂ ಎದ್ದವು. ನನಗೂ ಭಯವಿತ್ತು. ವಿಲೇಜ್ ಆಫೀಸಿಗೆ, ಆಸ್ಪತ್ರೆಗೆ, ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ನಮ್ಮ ಮಕ್ಕಳಿಗೆ ಮಲಯಾಳ ಬೇಕೇ ಬೇಕು. ಆದರೆ ಅದು ಕನ್ನಡದ ಕೈ ಹಿಡಿದು ಬರಬೇಕು ಎಂದು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಕಾಸರಗೋಡಿನ ಕನ್ನಡಕ್ಕಾಗಿ ಬದುಕಿಡೀ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳೇ ಮಲಯಾಳದ ಕವಿ ಕುಮಾರನ್ ಆಶಾನರ ಕಾವ್ಯವನ್ನು ಕನ್ನಡಕ್ಕೆ ತಂದವರಲ್ಲವೇ?

ಕನ್ನಡ ಬಾರದ ಅಧ್ಯಾಪಕರನ್ನು ನಮ್ಮ ಕ್ಲಾಸಿಗೆ ಹಾಕಿದ ವರ್ಷವನ್ನು ಮರೆಯಲಾರೆ. ಹರಟುತ್ತಿದ್ದ ಮಕ್ಕಳು ಮೂಕರಾದರು. ಕೂಲಿ ಬಿಟ್ಟು ಬಂದು ಗೇಟಿನ ಮುಂದೆ ಕೂತ ತಾಯಂದಿರೇ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸುವ ಸೌಲಭ್ಯ ಇರಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನು ಗಟ್ಟಿಯಾಗಿ ಓದಿ ಹೇಳಿದ ಪಿಟಿಎಯವರೇ (ಹೆತ್ತವರ-ಶಿಕ್ಷಕರ ಸಂಘದವರೇ), ನಿಮ್ಮಿಂದ ಆ ಕ್ಲಾಸು ಉಳಿಯಿತು. ಆಮೇಲೆ ತೆಂಕಣದಿಂದ ಬಂದ ಮಲಯಾಳ ಮಾಷ್ (ಮೇಷ್ಟ್ರೇ), ನೀವು ನಾಲ್ಕನೇ ಕ್ಲಾಸಿನವರ ಜೊತೆ ಕೂತು ಕಾಪಿಪುಸ್ತಕದಲ್ಲಿ ಅ ಆ ಇ ಈ ತಿದ್ದಿದಿರಿ. ಮಕ್ಕಳು ನಿಮ್ಮ 'ಳ'ಕ್ಕೆ ಕೆಂಪು ಶಾಯಿ ಹಾಕಿದರೂ ಬೇಸರಿಸಲಿಲ್ಲ.

ಮಕ್ಕಳು ಬರೆದ ಪದಪುಸ್ತಕಗಳು ಆಫೀಸಿನ ಕಪಾಟಿನ ಕೆಳಗಿನ ಅಂಕಣದಲ್ಲಿವೆ. ಬೀಗದ ಕೈಯನ್ನು ಹೊಸ ಟೀಚರಿಗೆ ಕೊಟ್ಟಿದ್ದೇನೆ. ಶಾಲೆ ಶುರುವಾಗುವ ದಿನದ ಪ್ರವೇಶೋತ್ಸವಕ್ಕೆ ಕರೆದಿದ್ದಾರೆ, ಬರುತ್ತೇನೆ, ಹಿಂದಿನ ಬೆಂಚಿನಲ್ಲಿ ಒಂದು ಜಾಗ ಇಡಿ.