ತತ್ಕಾಲ್ ರೊಕ್ಕವೂ ವಾಪಸ್ ಬರುತ್ತೆ, ರೈಲು ಬಿಡೋದರೊಳಗೆ ಕೇಳಿದರೆ

ಸಂಪಾದಕರೇ,

ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ಕ್ಯಾನ್ಸಲ್ ಮಾಡಿದರೆ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ಇದು ಎಲ್ಲರಿಗೂ ಗೊತ್ತು. ನನಗೂ ಇಷ್ಟೇ ಗೊತ್ತಿತ್ತು, ಅದಕ್ಕೇ ಎರಡು ಟಿಕೆಟ್ಟಿನ ರೊಕ್ಕ ಕಳೆದುಕೊಂಡೆ.

ಅವ್ವನನ್ನು ಬೆಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಬೇಕಿತ್ತು. ಮರುದಿನ ಹನ್ನೊಂದಕ್ಕೆ ಟೈಮ್ ಕೊಟ್ಟಿದ್ದರು. ಮನೆ ಹತ್ತಿರದ ಆನ್‌ಲೈನ್ ಅಂಗಡಿಯಲ್ಲಿ ಸ್ಲೀಪರ್ ತತ್ಕಾಲ್ ಮಾಡಿಸಿದ್ದೆ. ಸಂಜೆ ಕಲಬುರಗಿ ಸ್ಟೇಷನ್ನಿಗೆ ಹೋದರೆ ರೈಲು ಒಂದು ಗಂಟೆ ಲೇಟ್ ಅಂತ ಬೋರ್ಡು. ಚಹಾ ಕುಡಿದು ಬಂದು ನೋಡಿದರೆ ಎರಡೂವರೆ ಗಂಟೆ, ಆಮೇಲೆ ನಾಲ್ಕು. ಅವ್ವ ಜೋಳದ ರೊಟ್ಟಿಯ ಗಂಟು ತೊಡೆ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತಿದ್ದಳು, ದೂರದಲ್ಲಿ ಗೂಡ್ಸ್ ಗಾಡಿ ಸದ್ದಾದರೂ "ಬಂತೇನೋ?" ಅಂತ ಎದ್ದು ನಿಲ್ಲುತ್ತಿದ್ದಳು. ಇನ್ನು ಕಾದರೆ ಡಾಕ್ಟರು ಸಿಗೋದಿಲ್ಲ ಅಂತ ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದೆವು. ಎಂಟು ಗಂಟೆ ಮಲಗಿ ಹೋಗಬೇಕಾದವಳು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತೇ ಬಂದಳು.

ಊರಿಗೆ ಬಂದು ಅಂಗಡಿ ಹುಡುಗನನ್ನು ಕೇಳಿದೆ. "ತತ್ಕಾಲ್ ಅದರೀ ಅಣ್ಣಾರ, ರೊಕ್ಕ ಬರಂಗಿಲ್ಲ" ಅಂದ. ಸುಮ್ನಾದೆ.

ಮೊನ್ನೆ ಅಳಿಯ ಹೇಳಿದ ಮೇಲೆ ನಿಯಮ ಓದಿದೆ. ನಾವು ಹತ್ತುವ ಸ್ಟೇಷನ್ನಿನಲ್ಲಿ ರೈಲು ಮೂರು ಗಂಟೆಗಿಂತ ಜಾಸ್ತಿ ತಡವಾಗಿ, ಟಿಕೆಟ್ಟಿನಲ್ಲಿರುವ ಯಾರೂ ಹೋಗದಿದ್ದರೆ, ತತ್ಕಾಲ್ ಆದರೂ ಪೂರ್ತಿ ದರ ವಾಪಸ್! ಆದರೆ ರೈಲು ಆ ಸ್ಟೇಷನ್ ಬಿಡುವ ಮೊದಲೇ ಆನ್‌ಲೈನಿನಲ್ಲಿ ಟಿಡಿಆರ್, ಅಂದರೆ ರೊಕ್ಕ ವಾಪಸ್ ಕೇಳುವ ಅರ್ಜಿ, ಹಾಕಿರಬೇಕು. ಕೌಂಟರ್ ಟಿಕೆಟ್ ಆದರೆ ಅಷ್ಟರೊಳಗೆ ಕೌಂಟರಿಗೇ ಒಪ್ಪಿಸಬೇಕು.

ಇಲ್ಲೇ ಇರೋದು ತೊಡಕು. ಜೇವರ್ಗಿ, ಆಳಂದ, ಚಿತ್ತಾಪುರದ ಕಡೆಯಿಂದ ಬರುವವರು ಎಷ್ಟೋ ಜನ ಅಂಗಡಿಯಲ್ಲೇ ಟಿಕೆಟ್ ಮಾಡಿಸುತ್ತಾರೆ. ಟಿಡಿಆರ್ ಹಾಕಬೇಕೆಂದರೆ ಟಿಕೆಟ್ ಮಾಡಿದ ಐಡಿಯಿಂದಲೇ ಹಾಕಬೇಕು, ರಾತ್ರಿ ಒಂಬತ್ತರ ಮೇಲೆ ಆ ಅಂಗಡಿಯವನನ್ನು ಎಲ್ಲಿ ಹುಡುಕೋದು? ಸ್ವಂತ ಮೊಬೈಲಿನಲ್ಲಿ ಮಾಡಿದವರಿಗೂ ಟಿಡಿಆರ್ ಅನ್ನೋ ಮೂರಕ್ಷರ ಏನಂತ ಗೊತ್ತಿರಬೇಕಲ್ಲ.

ರೈಲೇ ರದ್ದಾದರೆ ಇ-ಟಿಕೆಟ್ ರೊಕ್ಕ ಕೇಳದೇನೇ ಖಾತೆಗೆ ಬರುತ್ತದೆ. ಚಾರ್ಟ್ ಆದ ಮೇಲೂ ವೇಟಿಂಗ್ ಲಿಸ್ಟಿನಲ್ಲೇ ಉಳಿದ ಇ-ಟಿಕೆಟ್ಟಿಗೂ ಹಾಗೇ, ಒಂದಿಷ್ಟು ಮುರಿದುಕೊಂಡು ಕೊಡುತ್ತಾರೆ. ಹಾಗಿದ್ದ ಮೇಲೆ ಮೂರು ಗಂಟೆ ಲೇಟಾದಾಗ ಯಾಕೆ ಆಗೋದಿಲ್ಲ? ರೈಲು ಎಷ್ಟು ತಡ ಅನ್ನೋದು ಅವರ ಕಂಪ್ಯೂಟರಿನಲ್ಲೇ ಇರುತ್ತದೆ. ಯಾವ ಸೀಟಿಗೆ ಯಾರು ಬಂದಿಲ್ಲ ಅಂತ ಟಿಕೆಟ್ ನೋಡುವ ಟಿಟಿಇ ಕೈಯಲ್ಲಿರುವ ಟ್ಯಾಬಿನಲ್ಲಿ ಗುರುತು ಮಾಡುತ್ತಾರೆ. ಎರಡನ್ನೂ ಕೂಡಿಸಿ ನೋಡಿದರೆ ಸಾಕು. ಬರದೇ ಇದ್ದವನ ಸೀಟು, ಒಂದೇ ಬರ್ತಿನಲ್ಲಿ ಇಬ್ಬರು ಕೂರಬೇಕಾದ ಆರ್‌ಎಸಿಯವರಿಗೆ ಸಿಗುತ್ತದೆ, ಅದು ಒಳ್ಳೆಯದೇ, ಆದರೆ ಅವನ ರೊಕ್ಕ ಯಾಕೆ ಇಟ್ಟುಕೊಳ್ಳಬೇಕು?

ಅದಕ್ಕೆ ಟೈಮ್ ಬೇಕು ಅಂದರೆ ಅಲ್ಲಿತನಕ ಇಷ್ಟಾದರೂ ಮಾಡಲಿ. ರೈಲು ತಡವಾದಾಗಲೆಲ್ಲ ಸ್ಟೇಷನ್ ಮೈಕಿನಲ್ಲಿ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಅಂತ ಹೇಳುತ್ತಲೇ ಇರುತ್ತಾರೆ. ಅದರ ಹಿಂದೆಯೇ ಕನ್ನಡದಲ್ಲಿ ಇನ್ನೊಂದು ಮಾತು ಸೇರಿಸಲಿ: ಮೂರು ಗಂಟೆ ದಾಟಿದೆ, ಹೋಗದವರು ಈಗಲೇ ಟಿಡಿಆರ್ ಹಾಕಿ.

— ಒಬ್ಬ ಪ್ರಯಾಣಿಕ, ಕಲಬುರಗಿ